ಕಲಮು ಯಾರ ಕೈಯಲ್ಲಿದೆ?

ಕನ್ನಡದಲ್ಲಿ ‘ಕೌಲು’ ಎಂಬ ಹಳೆಯ ಪದವೊಂದಿದೆ. ಜಮೀನನ್ನು ಇಂತಿಷ್ಟು ಕಂದಾಯಕ್ಕೆ ಸಾಗುವಳಿಗೆ ಕೊಡುವಾಗ ಮಾಡಿಕೊಳ್ಳುವ ಪತ್ರಕ್ಕೆ ಕೌಲು, ಕೌಲುಪತ್ರ ಎನ್ನುತ್ತಿದ್ದರು. ಈ ಪದ ಅರಬಿಯಿಂದ ಫಾರಸಿ, ಉರ್ದುಗಳ ದಾರಿ ಹಿಡಿದು ನಮ್ಮಲ್ಲಿಗೆ ಬಂತು. ಅರಬಿಯಲ್ಲಿ ಕೌಲ್ ಎಂದರೆ ಪತ್ರವಲ್ಲ, ಆಡಿದ ಮಾತು. ಉರ್ದುವಿನಲ್ಲಿ ಇಂದಿಗೂ ‘ಕೌಲ್ ಕಾ ಪಕ್ಕಾ’ ಎಂದರೆ ಕೊಟ್ಟ ಮಾತಿಗೆ ತಪ್ಪದವನು ಎಂದೇ ಅರ್ಥ. ನಾಲಗೆಯಿಂದ ಹೊರಟ ಪದ ಕಂದಾಯ ಕಚೇರಿಯ ಹೊತ್ತಿಗೆ ಕಾಗದವಾಗಿಬಿಟ್ಟಿತ್ತು. ನಾಲಗೆಯಿಂದ ಕಾಗದಕ್ಕೆ ನಡೆದ ಈ ಪ್ರಯಾಣದಲ್ಲಿ ನಾವು ಗಳಿಸಿದ್ದೇನು, ಕಳೆದುಕೊಂಡಿದ್ದೇನು ಎಂಬುದು ವಕೀಲರಿಗೆ ಮಾತ್ರ ಬಿಟ್ಟುಕೊಡಬಹುದಾದ ಪ್ರಶ್ನೆಯಲ್ಲ.

ನಮ್ಮ ಹಿರಿಯರಲ್ಲಿ ಅನೇಕರಿಗೆ ಬರೆದುಕೊಡು ಎಂದು ಕೇಳುವುದೇ ಒಂದು ಅವಮಾನವಾಗಿತ್ತು. ತಮ್ಮನಿಗೆ ದುಡ್ಡು ಕೊಟ್ಟ ಅಣ್ಣ ಕಾಗದ ಕೇಳಿದರೆ, “ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ವಾ ಭಾಯ್?” ಎಂಬ ಮಾತು ಬರುತ್ತಿತ್ತು. ಆ ಮಾತಿಗೆ ಉತ್ತರವಿಲ್ಲದೆ ಅಣ್ಣ ಸುಮ್ಮನಾಗುತ್ತಿದ್ದ. ಗೋವಿನ ಹಾಡಿನ ಪುಣ್ಯಕೋಟಿ ಹುಲಿಗೆ ಯಾವ ಪತ್ರವನ್ನೂ ಬರೆದುಕೊಟ್ಟಿರಲಿಲ್ಲ; ಹುಲಿ ಜಾಮೀನನ್ನೂ ಇಸಿದುಕೊಂಡಿರಲಿಲ್ಲ. ಆ ಕಥೆ ಕೇಳಿ ಬೆಳೆದ ನಾಡಿನಲ್ಲಿ ಛಾಪಾ ಕಾಗದ ಎಂದರೆ ಅಪನಂಬಿಕೆಯ ಗುರುತು ಎಂದು ಜನ ಭಾವಿಸಿದ್ದರೆ ಆಶ್ಚರ್ಯವೇನೂ ಇಲ್ಲ. ಆದರೆ ಇನ್ನೊಂದನ್ನೂ ಗಮನಿಸಬೇಕು. ಇದೇ ನಾಡಿನಲ್ಲಿ ದಾನ ಕೊಟ್ಟ ಭೂಮಿಯ ವಿವರವನ್ನು ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು. ಕಲ್ಲಿನಲ್ಲಿ ಕೆತ್ತಿಯೂ ಸಮಾಧಾನವಾಗದೆ, ಇದನ್ನು ಅಳಿಸಿದವರಿಗೆ ಇಂಥಿಂಥ ಪಾಪ ತಟ್ಟಲಿ ಎಂದು ಕೊನೆಯಲ್ಲೊಂದು ಶಾಪವನ್ನೂ ಸೇರಿಸುತ್ತಿದ್ದರು. ಅಂದರೆ ಬರೀ ಮಾತು ಸಾಲದು ಎಂಬುದೂ, ಬರೀ ಬರಹವೂ ಸಾಲದು ಎಂಬುದೂ ನಮ್ಮವರಿಗೆ ಬಹಳ ಹಿಂದಿನಿಂದಲೇ ಗೊತ್ತಿತ್ತು.

ಕಾನೂನು ಈ ಬಗ್ಗೆ ಏನು ಹೇಳುತ್ತದೆ? ಬರೆಯದ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯೇ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಇದು ತಪ್ಪು. 1872ರ ಭಾರತೀಯ ಕರಾರು ಕಾಯ್ದೆಯ 10ನೇ ಕಲಮಿನ ಪ್ರಕಾರ, ಅರ್ಹರಾದ ಇಬ್ಬರು ಮುಕ್ತ ಮನಸ್ಸಿನಿಂದ, ನ್ಯಾಯಬದ್ಧ ಉದ್ದೇಶಕ್ಕಾಗಿ, ನ್ಯಾಯಬದ್ಧ ಪ್ರತಿಫಲಕ್ಕೆ ಒಪ್ಪಿಕೊಂಡರೆ ಅದು ಕರಾರೇ. ಬಾಯಿಮಾತಿನಲ್ಲಿದ್ದರೂ ಕರಾರೇ. ಬರಹ ಬೇಕೇ ಬೇಕು ಎಂದು ಬೇರೆ ಯಾವುದಾದರೂ ಕಾನೂನು ಹೇಳಿದ್ದರೆ ಮಾತ್ರ ಅದನ್ನು ಪಾಲಿಸಬೇಕು. ಹಾಗೆ ಹೇಳುವ ಕಾನೂನುಗಳಲ್ಲಿ ದೊಡ್ಡದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯನ್ನು ನೋಂದಾಯಿತ ಪತ್ರದ ಮೂಲಕವೇ ಮಾರಬೇಕು. ಒಂದು ವರ್ಷ ಮೀರಿದ ಗುತ್ತಿಗೆಗೂ ನೋಂದಣಿ ಬೇಕು. ನಮ್ಮ ಬಾಡಿಗೆ ಪತ್ರಗಳೆಲ್ಲ ಹನ್ನೊಂದು ತಿಂಗಳಿಗೇ ಏಕೆ ನಿಲ್ಲುತ್ತವೆ ಎಂಬ ರಹಸ್ಯ ಇರುವುದು ಇಲ್ಲಿಯೇ.

ಆ ನೂರು ರೂಪಾಯಿಯ ಬಗ್ಗೆ ಒಂದು ಮಾತು. 1882ರಲ್ಲಿ ನೂರು ರೂಪಾಯಿ ಸಣ್ಣ ಮೊತ್ತವಾಗಿರಲಿಲ್ಲ. ಅದಕ್ಕಿಂತ ಕಡಿಮೆ ಬೆಲೆಯ ತುಂಡು ನೆಲವನ್ನು ಪತ್ರವಿಲ್ಲದೆ, ಸ್ವಾಧೀನ ಬಿಟ್ಟುಕೊಡುವ ಮೂಲಕವೇ ಮಾರಬಹುದೆಂದು ಕಾಯ್ದೆ ಹೇಳಿತ್ತು. ಬಡವರ ಸಣ್ಣ ವ್ಯವಹಾರ ಕಚೇರಿಯ ಮೆಟ್ಟಿಲು ಹತ್ತದೆಯೂ ನಡೆಯಲು ಅಲ್ಲಿ ಅವಕಾಶವಿತ್ತು. ಕಾಯ್ದೆಯಲ್ಲಿ ಆ ಅಂಕಿ ಈಗಲೂ ಹಾಗೆಯೇ ಇದೆ, ರೂಪಾಯಿ ಮಾತ್ರ ಬದಲಾಗಿದೆ. ನೂರು ರೂಪಾಯಿಗೆ ಇಂದು ಯಾವ ಊರಿನಲ್ಲಿ ಎಷ್ಟು ನೆಲ ಬರುತ್ತದೆ? ಬಡವನಿಗೆಂದು ತೆರೆದಿಟ್ಟಿದ್ದ ಸಣ್ಣ ಬಾಗಿಲು ಯಾರೂ ಮುಚ್ಚದೆಯೇ ಮುಚ್ಚಿಹೋಯಿತು.

ಕಾನೂನಿಗೆ ಬರಹದ ಮೇಲೆ ಇಷ್ಟು ಮೋಹ ಬಂದದ್ದು ಎಲ್ಲಿಂದ? ನಮ್ಮ ಕಾಯ್ದೆಗಳನ್ನು ರೂಪಿಸಿದವರ ನಾಡಿನಲ್ಲಿ, ಅಂದರೆ ಇಂಗ್ಲೆಂಡಿನಲ್ಲಿ, 1677ರಲ್ಲಿ ಒಂದು ಶಾಸನ ಬಂತು. ಮೋಸ ಮತ್ತು ಸುಳ್ಳುಸಾಕ್ಷಿಗಳನ್ನು ತಡೆಯುವುದು ಅದರ ಉದ್ದೇಶ ಎಂದು ಶಾಸನದ ಹೆಸರಿನಲ್ಲಿಯೇ ಇತ್ತು. ಭೂಮಿಯ ವ್ಯವಹಾರ, ಇನ್ನೊಬ್ಬನ ಸಾಲಕ್ಕೆ ಜಾಮೀನು, ಒಂದು ವರ್ಷದೊಳಗೆ ಮುಗಿಯದ ಕರಾರು, ಹತ್ತು ಪೌಂಡ್ ಮೀರಿದ ಸರಕಿನ ಮಾರಾಟ ಇವುಗಳಿಗೆಲ್ಲ ಬರಹ ಇಲ್ಲವೇ ಅದಕ್ಕೆ ಸಮನಾದ ಬೇರೆ ಗುರುತು ಬೇಕೆಂದು ಅದು ವಿಧಿಸಿತು. ಆ ಕಾಲದ ಅಲ್ಲಿನ ನ್ಯಾಯಾಲಯಗಳಲ್ಲಿ ವಾದಿ ಪ್ರತಿವಾದಿಗಳೇ ಸಾಕ್ಷಿ ನುಡಿಯುವಂತಿರಲಿಲ್ಲ. ತನ್ನ ವ್ಯವಹಾರದ ಬಗ್ಗೆ ತಾನೇ ಬಾಯಿಬಿಡಲು ಆಗದಿದ್ದಾಗ ಬಾಡಿಗೆಯ ಸಾಕ್ಷಿಗಳು ಹುಟ್ಟಿಕೊಳ್ಳುವುದು ಸಹಜ. ಆದ್ದರಿಂದ ಶಾಸನದ ಉದ್ದೇಶ ಒಳ್ಳೆಯದೇ ಆಗಿತ್ತು.

ಆದರೆ ಹೆಚ್ಚು ಕಾಲ ಕಳೆಯುವ ಮೊದಲೇ ಇನ್ನೊಂದು ಬಗೆಯ ಮೋಸಗಾರ ಹುಟ್ಟಿಕೊಂಡ. ಇವನು ಸುಳ್ಳು ಹೇಳುವುದೇ ಇಲ್ಲ. ಹೌದು, ಮಾರುತ್ತೇನೆಂದು ಹೇಳಿದ್ದೆ, ದುಡ್ಡೂ ಇಸಿದುಕೊಂಡಿದ್ದೆ, ಅವನು ಬಂದು ಮನೆಯನ್ನೂ ಕಟ್ಟಿಕೊಂಡ. ಆದರೆ ಕಾಗದ ಎಲ್ಲಿದೆ, ತೋರಿಸಿ ಎನ್ನುತ್ತಾನೆ. ಮೋಸ ತಡೆಯಲು ಮಾಡಿದ ಶಾಸನವನ್ನೇ ಮೋಸದ ಆಯುಧ ಮಾಡಿಕೊಳ್ಳಲು ಬಿಡಬಾರದೆಂದು ಅಲ್ಲಿನ ನ್ಯಾಯಾಧೀಶರು ದಾರಿ ಹುಡುಕಬೇಕಾಯಿತು. ಮಾತಿನಂತೆ ಅರ್ಧ ನಡೆದುಕೊಂಡವನನ್ನು ಕಾಗದವಿಲ್ಲವೆಂದು ಬೀದಿಗೆ ತಳ್ಳಬಾರದು ಎಂಬ ತತ್ವ ಬಂದದ್ದು ಹೀಗೆ. ನಮ್ಮ ಸ್ವತ್ತು ವರ್ಗಾವಣೆ ಕಾಯ್ದೆಗೂ 1929ರಲ್ಲಿ ಈ ತತ್ವ 53ಎ ಕಲಮಾಗಿ ಸೇರಿತು. ಆದರೆ ಇಲ್ಲಿ ಒಪ್ಪಂದ ಬರಹದಲ್ಲಿರಬೇಕಿತ್ತು. 2001ರ ತಿದ್ದುಪಡಿಯ ನಂತರ ಅದು ನೋಂದಣಿಯೂ ಆಗಿರಬೇಕು. ಇಂಗ್ಲೆಂಡಿನಲ್ಲಿ 1954ರಲ್ಲಿ ಆ ಹಳೆಯ ಶಾಸನದ ಬಹುಭಾಗವನ್ನು ತೆಗೆದುಹಾಕಿದರು. ಇನ್ನೊಬ್ಬನ ಸಾಲಕ್ಕೆ ಜಾಮೀನು ನಿಲ್ಲುವವನ ಮಾತಿಗೆ ಮಾತ್ರ ಬರಹ ಬೇಕೆಂಬ ನಿಯಮ ಅಲ್ಲಿ ಇಂದಿಗೂ ಉಳಿದಿದೆ.

ಇಷ್ಟರಿಂದ ಒಂದು ಸಂಗತಿ ತಿಳಿಯುತ್ತದೆ. ಬರಹ ತಾನಾಗಿಯೇ ಸತ್ಯದ ಪಕ್ಷದಲ್ಲಿರುವುದಿಲ್ಲ. ಅದು ಯಾರ ಪಕ್ಷದಲ್ಲಿದೆ ಎಂಬುದು, ಬರೆದ ದಿನ ಯಾರ ಕೈ ಮೇಲಿತ್ತು, ಯಾರ ಕೈ ಕೆಳಗಿತ್ತು ಎಂಬುದನ್ನು ಅವಲಂಬಿಸಿರುತ್ತದೆ. ಇದಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿ ಬೇಕಾದಷ್ಟು ಉದಾಹರಣೆಗಳಿವೆ.

1858ರ ಜುಲೈ ತಿಂಗಳು. ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಕಂಪನಿಯ ಅಧಿಕಾರಿ ರಸ್ತೆಗೆ ಹಾಕುವ ಗರಸು ಪೂರೈಸಲು ರಾಜ್ಯಧರ ಕೋನಾಯಿ ಎಂಬ ಸ್ಥಳೀಯ ಗುತ್ತಿಗೆದಾರನ ಜೊತೆ ಕರಾರು ಮಾಡಿಕೊಂಡ. ಸಹಿಯೊಂದೇ ಸಾಲದೆನಿಸಿ ಕೋನಾಯಿಯ ಅಂಗೈಗೆ ಮಸಿ ಬಳಿದು ಕರಾರಿನ ಕಾಗದದ ಹಿಂದೆ ಒತ್ತಿಸಿಕೊಂಡ. ಇದು ನನ್ನ ಸಹಿಯೇ ಅಲ್ಲ ಎಂದು ಮುಂದೆ ಹೇಳದಂತೆ ಅವನಲ್ಲಿ ಭಯ ಹುಟ್ಟಿಸುವುದು ಉದ್ದೇಶವಾಗಿತ್ತೆಂದು ಹರ್ಷೆಲ್ ತಾನೇ ಬರೆದಿದ್ದಾನೆ. ಬೆರಳಚ್ಚು ಶಾಸ್ತ್ರದ ಚರಿತ್ರೆ ಬರೆಯುವವರು ಈ ಕಾಗದವನ್ನು ಮರೆಯದೆ ನೆನೆಯುತ್ತಾರೆ. ನಾವು ನೆನೆಯಬೇಕಾದ ಸಂಗತಿ ಬೇರೆ. ಕಾಗದದ ಮೇಲೆ ಒಬ್ಬನ ಕೈ ಮಾತ್ರ ಮೂಡಿತು, ಇನ್ನೊಬ್ಬನ ಕೈಯನ್ನು ಯಾರೂ ಕೇಳಲಿಲ್ಲ. ಅಪನಂಬಿಕೆ ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯಿತು. ಅಂದಿನಿಂದ ನಮ್ಮಲ್ಲಿ ‘ಹೆಬ್ಬೆಟ್ಟು’ ಎಂಬುದು ಬೈಗುಳವೂ ಆಗಿದೆ.

ಅದೇ ಕಾಲದಲ್ಲಿ ಅದೇ ಬಂಗಾಳದ ನೀಲಿ ಬೆಳೆಯ ದೊರೆಗಳು ರೈತರಿಗೆ ಒಂದಿಷ್ಟು ಮುಂಗಡ ಕೊಟ್ಟು ಖಾಲಿ ಛಾಪಾ ಕಾಗದಕ್ಕೆ ಅವರ ಗುರುತು ಹಾಕಿಸಿಕೊಳ್ಳುತ್ತಿದ್ದರು. ಏನು ಬರೆಯಬೇಕೆಂದು ಆಮೇಲೆ ತೀರ್ಮಾನವಾಗುತ್ತಿತ್ತು. ರೈತರು ದಂಗೆಯೆದ್ದ ಮೇಲೆ 1860ರಲ್ಲಿ ವಿಚಾರಣಾ ಆಯೋಗ ಕೂತಿತು. ಅದೇ ವರ್ಷ ತಾತ್ಕಾಲಿಕ ಕಾಯ್ದೆಯೊಂದು ಬಂದು, ಮುಂಗಡ ಪಡೆದು ನೀಲಿ ಬಿತ್ತದ ರೈತನನ್ನು ಜೈಲಿಗೆ ಕಳಿಸಲು ಅವಕಾಶ ಮಾಡಿಕೊಟ್ಟಿತು. ಬರಹ ಇತ್ತು, ಸಹಿ ಇತ್ತು, ಕಾಯ್ದೆಯೂ ಇತ್ತು. ನ್ಯಾಯ ಮಾತ್ರ ಇರಲಿಲ್ಲ.

ನಮಗೆ ಇನ್ನೂ ಹತ್ತಿರದ ಮಾತು ಹೇಳುವುದಾದರೆ, 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಹಳ್ಳಿಯ ಸಂತೆಯಲ್ಲಿ ದಖ್ಖನಿನ ರೈತರು ಸಾಹುಕಾರರ ವಿರುದ್ಧ ಎದ್ದರು. ಅವರು ಎಲ್ಲಕ್ಕಿಂತ ಮೊದಲು ಹುಡುಕಿದ್ದು ಸಾಲಪತ್ರಗಳನ್ನು. ಪತ್ರ ಕೊಟ್ಟವರ ತಂಟೆಗೆ ಅವರು ಹೆಚ್ಚಾಗಿ ಹೋಗಲಿಲ್ಲ. ಕೈಗೆ ಸಿಕ್ಕ ಪತ್ರಗಳನ್ನು ಸುಟ್ಟರು. ಓದಲು ಬಾರದವರು ಕಾಗದವನ್ನು ಸುಡಲು ಹೊರಟರೆ ಅದಕ್ಕೆ ಅಜ್ಞಾನವೇ ಕಾರಣ ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ತಮ್ಮ ಮನೆ, ಎತ್ತು, ಹೊಲಗಳನ್ನು ನುಂಗುತ್ತಿರುವುದು ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಈ ದಂಗೆಯ ನಂತರ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಮೊದಲು ಪುಣೆ, ಸತಾರಾ, ಸೊಲ್ಲಾಪುರ, ಅಹಮದ್‌ನಗರ ಜಿಲ್ಲೆಗಳಿಗೆ ಅನ್ವಯಿಸಿದ ಈ ಕಾಯ್ದೆಯನ್ನು ಬರಹದ ಬಗ್ಗೆ ಯೋಚಿಸುವವರೆಲ್ಲ ಒಮ್ಮೆ ಓದಬೇಕು. ಅದು ಬರಹ ಬೇಡ ಎನ್ನಲಿಲ್ಲ. ರೈತನ ಪತ್ರವನ್ನು ಸಾಹುಕಾರನ ಗುಮಾಸ್ತ ಬರೆಯುವಂತಿಲ್ಲ, ಗ್ರಾಮದ ರಿಜಿಸ್ಟ್ರಾರನ ಮುಂದೆ ಬರೆಸಬೇಕು ಎಂದಿತು. ಸಾಲ ತೀರಿಸಿದ್ದಕ್ಕೆ ರಸೀದಿ ಕೇಳುವ, ವರ್ಷಕ್ಕೊಮ್ಮೆ ಲೆಕ್ಕದ ಪಟ್ಟಿ ಕೇಳುವ, ಪಾಸ್‌ಬುಕ್ ಪಡೆಯುವ ಹಕ್ಕನ್ನು ರೈತನಿಗೆ ಕೊಟ್ಟಿತು. ಎಲ್ಲಕ್ಕಿಂತ ಮುಖ್ಯವಾಗಿ, ಸಾಲದ ದಾವೆ ಬಂದಾಗ ನ್ಯಾಯಾಧೀಶ ಪತ್ರದಲ್ಲಿರುವ ಅಂಕಿಯನ್ನಷ್ಟೇ ನೋಡಿ ತೀರ್ಪು ಕೊಡದೆ, ವ್ಯವಹಾರ ಶುರುವಾದ ದಿನದಿಂದ ಅದರ ಕಥೆಯನ್ನೆಲ್ಲ ಕೇಳಬೇಕೆಂದಿತು. ಕಾಗದದ ಹಿಂದಿನ ಕಥೆ ಕೇಳು ಎಂದು ಕಾನೂನೇ ನ್ಯಾಯಾಧೀಶನಿಗೆ ಹೇಳಿತು! ಕಥೆ ಬರೆಯುವ ನನಗೆ ಈ ಕಲಮು ಬಹಳ ಇಷ್ಟ.

‘ಕಲಮು’ ಎಂದೆ. ಇದೂ ವಿಚಿತ್ರ ಪದವೇ. ಕನ್ನಡದಲ್ಲಿ ಕಾಯ್ದೆಯ ಒಂದು ವಿಧಿಗೂ ಕಲಮು ಎನ್ನುತ್ತೇವೆ; ಉರ್ದುವಿನಲ್ಲಿ ಕಲಂ ಎಂದರೆ ಲೇಖನಿ. ಹಳೆಯ ಕ್ರಯಪತ್ರಗಳ ಕೊನೆಯಲ್ಲಿ ‘ಬಿಕ್ಕಲಂ’ ಎಂದು ಬರೆದು ಅದರ ಮುಂದೆ ಪತ್ರ ಬರಹಗಾರನ ಹೆಸರು ಇರುತ್ತದೆ. ಇಂಥವರ ಲೇಖನಿಯಿಂದ ಎಂದು ಅದರ ಅರ್ಥ. ಲೇಖನಿ ಯಾರದೆಂದು ಹೇಳಿದರಾಯಿತು, ಆದರೆ ಮಾತು ಯಾರದು? ಅವನಿಗೆ ಹೇಳಿ ಬರೆಸಿದವರು ಯಾರು? ಅದು ಪತ್ರದಲ್ಲಿ ಇರುವುದಿಲ್ಲ.

ಈ ಪ್ರಶ್ನೆಗೆ ಬಹಳ ಸ್ಪಷ್ಟವಾದ ಉತ್ತರವನ್ನು ನಾನು ಕಂಡದ್ದು ಕುರ್‌ಆನಿನಲ್ಲಿ. ಅಲ್‌ಬಕರಃ ಅಧ್ಯಾಯದ 282ನೆಯ ಸೂಕ್ತ ಕುರ್‌ಆನಿನ ಅತ್ಯಂತ ಉದ್ದದ ಸೂಕ್ತ. ಅದು ಇರುವುದು ನಮಾಝಿನ ಬಗ್ಗೆಯೂ ಅಲ್ಲ, ಉಪವಾಸದ ಬಗ್ಗೆಯೂ ಅಲ್ಲ, ಸಾಲವನ್ನು ಬರೆದಿಡುವುದರ ಬಗ್ಗೆ. ಗೊತ್ತಾದ ಅವಧಿಗೆ ಸಾಲದ ವ್ಯವಹಾರ ಮಾಡುವಾಗ ಅದನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಮೊತ್ತ ಸಣ್ಣದೋ ದೊಡ್ಡದೋ ಬರೆಯಲು ಬೇಸರಿಸಬಾರದು, ಬರಹಗಾರನಿಗೂ ಸಾಕ್ಷಿಗೂ ತೊಂದರೆಯಾಗಬಾರದು ಎಂದೆಲ್ಲ ಅದು ತಿಳಿಸುತ್ತದೆ. ಕೈಯಿಂದ ಕೈಗೆ ನಡೆಯುವ ದಿನನಿತ್ಯದ ವ್ಯಾಪಾರಕ್ಕೆ ಬರಹದಿಂದ ವಿನಾಯಿತಿ ಕೊಡುತ್ತದೆ. ಇವೆಲ್ಲ ಯಾವ ಒಳ್ಳೆಯ ಕಾಯ್ದೆಯಲ್ಲೂ ಇರಬಹುದಾದ ವಿಷಯಗಳೇ. ಆದರೆ ನಡುವೆ ಒಂದು ಮಾತಿದೆ. ಪತ್ರದಲ್ಲಿ ಏನು ಬರೆಯಬೇಕೆಂದು ಹೇಳಿ ಬರೆಸಬೇಕಾದವನು ಸಾಲಗಾರ. ಸಾಲ ಕೊಟ್ಟವನಲ್ಲ, ಪಡೆದವನು. ಅವನು ಅಶಕ್ತನೋ ಹೇಳಲು ಬಾರದವನೋ ಆಗಿದ್ದರೆ ಅವನ ಹಿತ ನೋಡುವ ಪೋಷಕ ಹೇಳಿ ಬರೆಸಬೇಕು.

ಜಗತ್ತಿನ ಎಲ್ಲ ಕಡೆ ನಡೆಯುವುದು ಇದಕ್ಕೆ ತಿರುಗುಮುರುಗು. ಸಾಲ ಕೊಡುವವನು ಬರೆಸುತ್ತಾನೆ, ಪಡೆಯುವವನು ಒತ್ತುತ್ತಾನೆ. ತನ್ನ ಮೇಲೆ ಬೀಳುವ ಹೊಣೆಯನ್ನು ತನ್ನ ಮಾತಿನಲ್ಲಿಯೇ ಹೇಳಿ ಬರೆಸಿದವನಿಗೆ ಆ ಪತ್ರ ತನ್ನದೇ ಎನಿಸುತ್ತದೆ. ತಾನು ಏನು ಒಪ್ಪಿಕೊಂಡೆ ಎಂಬುದು ಅವನಿಗೆ ಗೊತ್ತಿರುತ್ತದೆ. ಖಾಲಿ ಛಾಪಾ ಕಾಗದಕ್ಕೆ ಅಲ್ಲಿ ಜಾಗವೇ ಇಲ್ಲ. ಈ ಬರಹ ಕಡ್ಡಾಯವೋ ಅಥವಾ ಉತ್ತಮವಾದ ಸಲಹೆಯೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ತಬರಿಯಂಥ ಕೆಲವರು ಕಡ್ಡಾಯ ಎಂದರು, ಬಹುಮತದ ಅಭಿಪ್ರಾಯ ಸಲಹೆ ಎಂಬುದು. ಮುಂದಿನ ಸೂಕ್ತದಲ್ಲಿ ಪ್ರಯಾಣದಲ್ಲಿದ್ದು ಬರಹಗಾರ ಸಿಗದಿದ್ದರೆ ಒತ್ತೆ ಇಡಬಹುದೆಂದೂ, ಪರಸ್ಪರ ನಂಬಿಕೆಯಿಂದ ಕೊಟ್ಟಿದ್ದರೆ ನಂಬಿಸಿಕೊಂಡವನು ಆ ಅಮಾನತನ್ನು ಹಿಂದಿರುಗಿಸಬೇಕೆಂದೂ ಇದೆ. ಕಾಗದವಿಲ್ಲ ಎಂಬ ಕಾರಣಕ್ಕೆ ಹೊಣೆ ಕರಗಿಹೋಗುವುದಿಲ್ಲ ಎಂಬುದು ಅಲ್ಲಿ ಖಚಿತವಾಗಿದೆ.

ಇಂಥ ಸೂಕ್ತವನ್ನು ಓದುವ ಸಮುದಾಯ ನಮ್ಮದು. ಹಾಗಾದರೆ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೇನು ಎಂದು ಕೇಳಿಕೊಳ್ಳಬೇಡವೇ?

ಹಿಬಾ ವಿಷಯವನ್ನೇ ನೋಡಿ. ಬೇರೆಯವರು ಸ್ಥಿರಾಸ್ತಿಯನ್ನು ದಾನ ಕೊಡಬೇಕಾದರೆ ನೋಂದಾಯಿತ ಪತ್ರ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಮುಸ್ಲಿಮರಿಗೆ ಮಾತ್ರ 1882ರ ಕಾಯ್ದೆಯ 129ನೇ ಕಲಮು ಇದರಿಂದ ವಿನಾಯಿತಿ ಕೊಟ್ಟಿದೆ. ಕೊಡುತ್ತೇನೆಂದು ಹೇಳುವುದು, ಪಡೆಯುವವನು ಒಪ್ಪುವುದು, ಸ್ವಾಧೀನ ಬಿಟ್ಟುಕೊಡುವುದು, ಇಷ್ಟು ನಡೆದರೆ ಬಾಯಿಮಾತಿನ ಹಿಬಾ ಊರ್ಜಿತ. 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೊಮ್ಮೆ ಎತ್ತಿಹಿಡಿಯಿತು. ಮಾತಿಗೆ ಇಷ್ಟು ಗೌರವ ಕೊಡುವ ಕಾನೂನು ನಮಗೆ ಹೆಮ್ಮೆಯ ವಿಷಯವಾಗಬೇಕಿತ್ತು. ಆದರೆ ಇದರ ಹೊಡೆತ ಬೀಳುವುದು ಹೆಚ್ಚಾಗಿ ಯಾರ ಮೇಲೆ? ತಂದೆ ತೀರಿಕೊಂಡು ಮಗಳು ತನ್ನ ಪಾಲು ಕೇಳಲು ಬಂದಾಗ, “ಅಬ್ಬಾಜಾನ್ ಬದುಕಿರುವಾಗಲೇ ಈ ಮನೆಯನ್ನು ನನಗೆ ಹಿಬಾ ಮಾಡಿದ್ದರು ಆಪಾ, ಮಾಮೂ ಎದುರಿಗೇ ಹೇಳಿದ್ದರು” ಎಂಬ ಮಾತು ಬರುತ್ತದೆ. ಹೇಳಿದವರು ಮಣ್ಣಿನಲ್ಲಿದ್ದಾರೆ. ಕೇಳಿದವರು ತಮ್ಮನ ಮನೆಯಲ್ಲಿಯೇ ಊಟ ಮಾಡುತ್ತಿದ್ದಾರೆ. ಕುರ್‌ಆನ್ ನಿಗದಿಪಡಿಸಿದ ಪಾಲು ಒಂದು ಬಾಯಿಮಾತಿನ ಎದುರು ಇಲ್ಲವಾಗುತ್ತದೆ. ಇನ್ನು ಕೆಲವೆಡೆ ಅಕ್ಕತಂಗಿಯರು ಪಾಲನ್ನು ‘ಮಾಫ್’ ಮಾಡಿದ್ದಾರೆ ಎನ್ನುತ್ತಾರೆ. ಯಾವಾಗ ಮಾಫ್ ಮಾಡಿದರು, ಯಾರ ಮುಂದೆ, ಪಾಲು ಎಷ್ಟೆಂದು ಅವರಿಗೆ ಯಾರಾದರೂ ತಿಳಿಸಿದ್ದರೇ ಎಂಬ ಪ್ರಶ್ನೆಗಳಿಗೆ ಉತ್ತರವಿರುವುದಿಲ್ಲ.

ನುಅಮಾನ್ ಬಿನ್ ಬಶೀರ್ ಅವರ ತಂದೆ ತಮ್ಮ ಒಬ್ಬ ಮಗನಿಗೆ ಮಾತ್ರ ಕೊಡುಗೆ ಕೊಟ್ಟು, ಅದಕ್ಕೆ ಸಾಕ್ಷಿಯಾಗಬೇಕೆಂದು ಪ್ರವಾದಿ ಮುಹಮ್ಮದ್(ಸ)ರನ್ನು ಕೇಳಿದ ಘಟನೆ ಹದೀಸ್‌ಗಳಲ್ಲಿ ಪ್ರಸಿದ್ಧವಾಗಿದೆ. ಉಳಿದ ಮಕ್ಕಳಿಗೂ ಇಷ್ಟೇ ಕೊಟ್ಟಿದ್ದೀಯಾ ಎಂದು ಅವರು ವಿಚಾರಿಸಿದರು. ಇಲ್ಲವೆಂದು ತಿಳಿದಾಗ ಸಾಕ್ಷಿಯಾಗಲು ಒಪ್ಪಲಿಲ್ಲ. ಇಲ್ಲಿ ಸಾಕ್ಷಿಯ ಕೆಲಸವೇನೆಂದು ಗಮನಿಸಿ. ನಡೆದದ್ದನ್ನು ನಡೆಯಿತು ಎಂದು ಹೇಳುವುದಷ್ಟೇ ಅವನ ಕೆಲಸವಲ್ಲ. ನ್ಯಾಯವಲ್ಲದ್ದಕ್ಕೆ ಸಾಕ್ಷಿ ಹಾಕದಿರುವುದೂ ಅವನ ಕೆಲಸ. ಹಿಬಾ ಬಾಯಿಮಾತಿನಲ್ಲಿ ನಡೆಯಬಹುದು ಎಂಬ ರಿಯಾಯಿತಿಯನ್ನು ನೆನಪಿಟ್ಟುಕೊಂಡ ನಾವು ಸಾಕ್ಷಿಯ ಈ ಹೊಣೆಯನ್ನು ಮರೆತುಬಿಟ್ಟೆವು.

ಬರಹ ಇದ್ದರೂ ಸಮಸ್ಯೆ ತೀರುವುದಿಲ್ಲ ಎಂಬುದಕ್ಕೆ ನಮ್ಮ ನಿಕಾಹ್‌ನಾಮೆಯೇ ಸಾಕ್ಷಿ. ನನಗೆ ಉರ್ದು ಓದಲು ಬರುತ್ತದೆಂದು ಕೆಲವರು ಹಳೆಯ ನಿಕಾಹ್‌ನಾಮೆಗಳನ್ನು ತಂದು ತೋರಿಸುವುದುಂಟು. “ಇದರಲ್ಲಿ ನನ್ನ ಮಗಳ ಮೆಹರ್ ಬಗ್ಗೆ ಏನಂತ ಬರೆದಿದೆ ನೋಡಿ ಹೇಳು ಬೇಟಾ” ಎಂದು ಕೇಳುತ್ತಾರೆ. ಮೊತ್ತವನ್ನು ಓದಿ ಹೇಳುವುದು ಸುಲಭ. ಅದರ ಮುಂದಿರುವ ಪದ ಕಷ್ಟ. ಮೆಹರ್ ಎರಡು ಬಗೆ. ಕೇಳಿದ ಕೂಡಲೇ ಕೊಡಬೇಕಾದದ್ದು ಒಂದು, ಮುಂದಕ್ಕೆ ಹಾಕಿದ್ದು ಇನ್ನೊಂದು. ಮೊದಲನೆಯದನ್ನು ‘ಐನ್’ ಅಕ್ಷರ ಹಾಕಿ, ಎರಡನೆಯದನ್ನು ‘ಹಮ್ಜಾ’ ಹೊತ್ತ ‘ವಾವ್’ ಹಾಕಿ ಬರೆಯುತ್ತಾರೆ. ಆದರೆ ನಮ್ಮ ಕಡೆಯ ಉರ್ದುವಿನಲ್ಲಿ ಎರಡನ್ನೂ ‘ಮುಅಜ್ಜಲ್’ ಎಂದೇ ಉಚ್ಚರಿಸುತ್ತಾರೆ. ಕಿವಿಗೆ ಎರಡೂ ಒಂದೇ. ಕಾಗದದ ಮೇಲೆ ಒಂದು ಅಕ್ಷರದ ವ್ಯತ್ಯಾಸ. ಹೆಣ್ಣಿನ ಬದುಕಿನಲ್ಲಿ ಆ ಒಂದು ಅಕ್ಷರವೆಂದರೆ ಇವತ್ತೇ ಕೈಗೆ ಬರುವ ಹಣ, ಇಲ್ಲವೇ ತಲಾಖ್ ಆದ ಮೇಲೋ ಗಂಡ ಸತ್ತ ಮೇಲೋ ವಾದ ಮಾಡಿ ಪಡೆಯಬೇಕಾದ ಹಣ.

ಇಲ್ಲಿ ಬರಹದ ಗುಣ ದೋಷ ಎರಡೂ ಒಟ್ಟಿಗೆ ಇವೆ. ಮಾತಿನಲ್ಲಿ ಅಡಗಿದ್ದ ವ್ಯತ್ಯಾಸವನ್ನು ಬರಹ ಬಯಲಿಗೆ ತರುತ್ತದೆ. ಆದರೆ ಕನ್ನಡ ಶಾಲೆಯಲ್ಲಿ ಓದಿದ, ಉರ್ದು ಲಿಪಿ ಬಾರದ ಹುಡುಗಿಗೆ ಅದೇ ಬರಹ ಮುಚ್ಚಿದ ಬಾಗಿಲು. ಅವಳಿಂದ ಒಪ್ಪಿಗೆ ಕೇಳಿದ್ದು ಬಾಯಿಮಾತಿನಲ್ಲಿ. ಆ ಅಕ್ಷರವನ್ನು ತುಂಬಿದ್ದು ಹೊರಗೆ ಗಂಡಸರ ಸಾಲಿನಲ್ಲಿ ಕುಳಿತವರು. ಪ್ರತಿ ಅವಳ ಕೈಗೆ ಬರುತ್ತದೆಯೇ ಎಂದರೆ ಅದೂ ಎಲ್ಲ ಮನೆಗಳಲ್ಲಿ ಇಲ್ಲ. ನಿಕಾಹ್‌ನಾಮೆಯನ್ನು ಕನ್ನಡದಲ್ಲಿಯೂ ಬರೆದು, ಮದುಮಗಳಿಗೆ ಓದಿ ಹೇಳಿ, ಮೆಹರ್ ಯಾವ ಬಗೆಯದೆಂದು ಅವಳ ಬಾಯಿಂದಲೇ ಹೇಳಿಸಿ ಬರೆದರೆ ಯಾವ ಧರ್ಮಶಾಸ್ತ್ರವೂ ಬೇಡ ಎನ್ನುವುದಿಲ್ಲ. ಪಡೆಯಬೇಕಾದ ಹಕ್ಕು ಅವಳದಾಗಿರುವಾಗ ಹಾಗೆ ಬರೆಸಲು ಅಡ್ಡಿಯಾಗುತ್ತಿರುವುದು ನಮ್ಮ ಸೋಮಾರಿತನವೇ ಹೊರತು ಬೇರೇನೂ ಅಲ್ಲ.

ಓದಲು ಬಾರದವರ ಸಹಿಯ ಬಗ್ಗೆ ನಮ್ಮ ನ್ಯಾಯಾಲಯಗಳು ಬಹಳ ಹಿಂದೆಯೇ ಒಂದು ನಿಯಮ ಮಾಡಿಕೊಂಡಿವೆ. ಪರ್ದಾದಲ್ಲಿರುವ ಹೆಂಗಸಿನಿಂದ ಪತ್ರ ಬರೆಸಿಕೊಂಡವನು, ಸಹಿ ಅವಳದೇ ಎಂದು ತೋರಿಸಿದರೆ ಸಾಲದು. ಪತ್ರವನ್ನು ಅವಳಿಗೆ ವಿವರಿಸಿ ಹೇಳಲಾಗಿತ್ತು, ಅವಳು ಅರ್ಥ ಮಾಡಿಕೊಂಡೇ ಒಪ್ಪಿದ್ದಳು ಎಂದು ಅವನೇ ಸಾಬೀತುಪಡಿಸಬೇಕು. ಮುಂದೆ ಅನಕ್ಷರಸ್ಥ ಹೆಂಗಸರಿಗೂ ಈ ರಕ್ಷಣೆ ವಿಸ್ತರಿಸಿತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಜೀತದ ಒಪ್ಪಂದ ಬರಹದಲ್ಲಿರಲಿ, ಬಾಯಿಮಾತಿನಲ್ಲಿರಲಿ, ಅದು ಜೀತವೇ ಎಂದಿತು. ಇದು ಜೀತದ ಸಾಲ ಎಂದು ಜೀತದಾಳು ಹೇಳಿದರೆ, ಅಲ್ಲವೆಂದು ತೋರಿಸುವ ಭಾರವನ್ನು ಸಾಲ ಕೊಟ್ಟವನ ಮೇಲೆಯೇ ಹಾಕಿತು. ಅಂದರೆ ಕಾನೂನಿಗೂ ಗೊತ್ತಿದೆ: ಬಲವಿಲ್ಲದವನ ಹತ್ತಿರ ಕಾಗದ ಇಲ್ಲದಿದ್ದರೆ ಅದು ಅವನ ತಪ್ಪಲ್ಲ; ಬಲವಂತನ ಹತ್ತಿರ ಕಾಗದ ಇದ್ದ ಮಾತ್ರಕ್ಕೆ ಅದು ಅವನ ಪುಣ್ಯವೂ ಅಲ್ಲ.

ಆದರೆ ಇವು ಅಪವಾದಗಳು. ಸಾಮಾನ್ಯ ನಿಯಮ ಬೇರೆಯೇ ಇದೆ. ಒಪ್ಪಂದವೊಂದು ಬರಹಕ್ಕೆ ಬಂದ ಮೇಲೆ ಅದರಲ್ಲಿರುವುದಕ್ಕೆ ವಿರುದ್ಧವಾಗಿ ನಾವು ಆಡಿಕೊಂಡದ್ದು ಹೀಗಿತ್ತು ಎಂದು ಹೇಳಲು ಸಾಮಾನ್ಯವಾಗಿ ಬರುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲಿದ್ದ ಈ ತತ್ವವನ್ನು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಉಳಿಸಿಕೊಂಡಿದೆ. ಮೋಸ, ಬಲವಂತಗಳನ್ನು ತೋರಿಸಲು ಅವಕಾಶವಿದೆ ನಿಜ. ಅದನ್ನು ತೋರಿಸಲು ವಕೀಲ ಬೇಕು, ವರ್ಷಗಳು ಬೇಕು. ಆದ್ದರಿಂದ ಬರೆಯುವ ದಿನವೇ ಎಚ್ಚರ ಬೇಕು.

ಬೆಂಗಳೂರಿನಲ್ಲಿ ಭೋಗ್ಯಕ್ಕೆ ಮನೆ ಪಡೆಯುವವರನ್ನು ನೋಡಿ. ಮಗಳ ಮದುವೆಗೆಂದು ಕೂಡಿಟ್ಟ ಲಕ್ಷಗಟ್ಟಲೆ ಹಣವನ್ನು ಮಾಲೀಕನ ಕೈಗೆ ಕೊಟ್ಟು ಒಂದು ಛಾಪಾ ಕಾಗದ ಪಡೆಯುತ್ತಾರೆ. ನೋಟರಿಯ ಮುದ್ರೆಯೂ ಇರುತ್ತದೆ. ನೋಂದಣಿ ಮಾತ್ರ ಇರುವುದಿಲ್ಲ, ಖರ್ಚಿಗೆ ಹೆದರಿ ಇಬ್ಬರೂ ಅದನ್ನು ಬಿಟ್ಟಿರುತ್ತಾರೆ. ಭೋಗ್ಯದ ಅಡಮಾನಕ್ಕೆ ನೋಂದಣಿ ಬೇಕೆಂದು ಗೊತ್ತಾಗುವುದು, ಮಾಲೀಕನ ಸಾಲಕ್ಕಾಗಿ ಬ್ಯಾಂಕಿನವರು ಬಂದು ಬಾಗಿಲಿಗೆ ನೋಟೀಸು ಅಂಟಿಸಿದ ದಿನ. ಗುಂಪು ಸಾಲಗಳ ಕಥೆಯೂ ಇದೆ. ಕಿರುಸಾಲದ ಕರಾರು ಪತ್ರ ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿಯೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸೂಚಿಸಿತು. ಒಳ್ಳೆಯ ನಿಯಮ. ಆದರೆ ಭಾಷೆ ಅರ್ಥವಾದರೆ ಸಾಲದು, ಓದಿ ಹೇಳುವ ವ್ಯವಧಾನವೂ ಬೇಕು. ವಸೂಲಿಗಾರರ ಕಿರುಕುಳ ಮಿತಿಮೀರಿ 2025ರಲ್ಲಿ ಕರ್ನಾಟಕ ಸರಕಾರ ಸುಗ್ರೀವಾಜ್ಞೆ ತರಬೇಕಾಯಿತು. ಈಗಂತೂ ಮೊಬೈಲ್ ಪರದೆಯ ಮೇಲೆ ‘ಒಪ್ಪುತ್ತೇನೆ’ ಎಂಬ ಗುಂಡಿ ಒತ್ತಿದರೆ ಕರಾರು ಮುಗಿಯಿತು. ಮಸಿ ಇಲ್ಲ ಅಷ್ಟೇ, ಹೆಬ್ಬೆಟ್ಟು ಅದೇ.

ಬರಹದಿಂದ ಬಡವರಿಗೆ ಉಪಕಾರವೇ ಆಗಿಲ್ಲವೆಂದು ನಾನು ಹೇಳುತ್ತಿಲ್ಲ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವ ಹೆಂಗಸರ ಬಳಿ ಒಂದು ಸಣ್ಣ ಪುಸ್ತಕವಿರುತ್ತದೆ. 'ಬ್ರಾಂಚಿ'ನಿಂದ ಎಷ್ಟು ಎಲೆ, ಎಷ್ಟು ಹೊಗೆಸೊಪ್ಪು ತಂದರು, ಎಷ್ಟು ಬೀಡಿ ಕೊಟ್ಟರು ಎಂಬುದು ಅದರಲ್ಲಿ ಏರುತ್ತದೆ. ತಾನು ದುಡಿದವಳು ಎಂದು ಲೋಕಕ್ಕೆ ತೋರಿಸಲು ಆಕೆಯ ಬಳಿ ಇರುವ ಆಧಾರ ಅದು. ಆ ಪುಸ್ತಕ ಆಕೆಯ ಮನೆಯಲ್ಲಿಯೇ ಇರುತ್ತದೆ ಎಂಬುದರಲ್ಲಿಯೇ ಅದರ ಶಕ್ತಿಯಿದೆ. ‘ದಸ್ತಾವೇಜು’ ಎಂಬ ಪದದ ಮೊದಲರ್ಧವಾದ ‘ದಸ್ತ್’ ಎಂದರೆ ಕೈ. ಯಾರ ಕೈಯಲ್ಲಿ ಇದೆಯೋ ಅವರಿಗೆ ಆಸರೆ.

ಹೀಗಾಗಿ ಬರೆಯಬೇಕೋ ಬೇಡವೋ ಎಂಬ ವಾದ ನನಗೆ ಮುಖ್ಯವಾಗಿ ಕಾಣುವುದಿಲ್ಲ. ಬರೆಯಲೇಬೇಕು. ಮನುಷ್ಯ ಮರೆಯುತ್ತಾನೆ, ಸಾಯುತ್ತಾನೆ. ಅವನ ನಂತರ ಬರುವ ಮಕ್ಕಳಿಗೆ ಅವನ ಮಾತಿನ ದನಿ ಕೇಳಿಸುವುದಿಲ್ಲ. “ನನ್ನ ಮೇಲೆ ನಂಬಿಕೆ ಇಲ್ವಾ” ಎಂದ ತಮ್ಮನಿಗೆ ಅಣ್ಣ ಹೇಳಬಹುದಾದ ಉತ್ತರ ಇದೇ: “ನಿನ್ನ ಮೇಲೆ ನಂಬಿಕೆ ಇದೆ, ನಮ್ಮಿಬ್ಬರ ಆಯುಷ್ಯದ ಮೇಲೆ ಇಲ್ಲ.” ಇನ್ನೂ ಚೆಂದವೆಂದರೆ ಅಣ್ಣ ಕೇಳುವ ಮೊದಲೇ ತಮ್ಮನೇ ಕಾಗದ ತೆಗೆದುಕೊಂಡು ಇಷ್ಟು ಪಡೆದಿದ್ದೇನೆ ಎಂದು ಬರೆದುಕೊಡುವುದು. ಕೊಡಬೇಕಾದವನೇ ಮುಂದಾಗಿ ಬರೆದರೆ ಆ ಕಾಗದದಲ್ಲಿ ಅವಮಾನಕ್ಕೆ ಎಡೆಯೇ ಇರುವುದಿಲ್ಲ.

ಕಾನೂನು ಕೇಳುವುದು ಬರಹ ಇದೆಯೇ ಎಂದು. ನಾವು ಇನ್ನೂ ಮೂರು ಪ್ರಶ್ನೆ ಕೇಳಬೇಕು. ಹೇಳಿ ಬರೆಸಿದವರು ಯಾರು? ಸಹಿ ಮಾಡಿದವರಿಗೆ ಅದನ್ನು ಓದಿ ಹೇಳಿದ್ದಾರೆಯೇ? ಪ್ರತಿ ಯಾರ ಕೈಯಲ್ಲಿದೆ? ಜಮಾತಿನ ಹಿರಿಯರು, ನಿಕಾಹ್ ಓದುವವರು, ಸ್ವಸಹಾಯ ಸಂಘ ನಡೆಸುವವರು, ಮನೆ ಬಾಡಿಗೆ ಕೊಡುವವರು ಈ ಮೂರು ಪ್ರಶ್ನೆಗಳನ್ನು ರೂಢಿ ಮಾಡಿಕೊಂಡರೆ ಎಷ್ಟೋ ಮನೆಗಳು ಒಡೆಯದೆ ಉಳಿಯುತ್ತವೆ.

ಮತ್ತು ಬರೆಯದೆ ಉಳಿದ ಮಾತು? ಅದರ ಹೊಣೆ ಏನಾಗಬೇಕು? ಇದಕ್ಕೆ ಕಾನೂನೇ ಒಂದು ಸೂಕ್ಷ್ಮ ಉತ್ತರ ಕೊಟ್ಟಿದೆ. ಸಾಮಾನ್ಯ ಸಾಲದ ದಾವೆಗೆ ಮೂರು ವರ್ಷಗಳ ಅವಧಿ. ಅದು ಕಳೆದರೆ ಸಾಲ ಕೊಟ್ಟವನು ಕೋರ್ಟಿಗೆ ಹೋಗಲಾರ. ಆದರೂ ಕರಾರು ಕಾಯ್ದೆಯ 25ನೇ ಕಲಮಿನ ಪ್ರಕಾರ, ಅಂಥ ಅವಧಿ ಮೀರಿದ ಸಾಲವನ್ನು ತೀರಿಸುತ್ತೇನೆಂದು ಸಾಲಗಾರ ಬರೆದು ಸಹಿ ಮಾಡಿಕೊಟ್ಟರೆ, ಹೊಸ ಪ್ರತಿಫಲ ಏನೂ ಇಲ್ಲದಿದ್ದರೂ ಆ ಮಾತು ಕಾನೂನುಬದ್ಧ. ಸತ್ತ ಸಾಲಕ್ಕೆ ಕಾನೂನು ಹೀಗೆ ಜೀವ ಕೊಡುವುದಾದರೂ ಹೇಗೆ? ಅದು ಸತ್ತಿರಲಿಲ್ಲ ಎಂದು ಕಾನೂನಿಗೂ ಗೊತ್ತು. ಕೋರ್ಟಿನ ಬಾಗಿಲು ಮುಚ್ಚಿತ್ತು, ಅಷ್ಟೇ. ಬಾಗಿಲು ಮುಚ್ಚಿದ್ದನ್ನು ನೋಡಿ ಋಣ ಹರಿಯಿತೆಂದು ಮನೆಗೆ ಹೋಗುವವನನ್ನು ಯಾವ ನ್ಯಾಯಾಧೀಶನೂ ಕರೆದು ಕೇಳುವುದಿಲ್ಲ. ಅವನ ಹೆಂಡತಿ ಮಕ್ಕಳಿಗೂ ಗೊತ್ತಾಗದಿರಬಹುದು. ಆದರೆ ಆ ಋಣ ಅವನ ಹೆಸರಿನಲ್ಲಿಯೇ ಇರುತ್ತದೆ, ಅವನು ತೀರಿಸುವವರೆಗೂ.